ಪೊರೆ ತೆಗೆದ ಮೇಲೆ ಮ್ಯಾಕ್ಯುಲಾದ ಊತ: ಯಾವಾಗ ಅಳೆಯಬೇಕು?

ಪೊರೆಯ ಶಸ್ತ್ರಚಿಕಿತ್ಸೆ ನಡೆಯುವುದು ಕಣ್ಣಿನ ಮುಂಭಾಗದಲ್ಲಿ. ಉಪಕರಣ ಅಕ್ಷಿಪಟವನ್ನು ಮುಟ್ಟುವುದಿಲ್ಲ. ಆದರೂ ಕೆಲವರಿಗೆ ಮೊದಲ ವಾರಗಳಲ್ಲಿ ತಿಳಿಯಾಗಿದ್ದ ನೋಟ ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಮಬ್ಬಾಗುತ್ತದೆ, ಓದುವಾಗ ಸಾಲುಗಳು ಡೊಂಕಾಗಿ ಕಾಣುತ್ತವೆ. ಅಕ್ಷಿಪಟದ ನಡುಭಾಗವಾದ ಮ್ಯಾಕ್ಯುಲಾದಲ್ಲಿ ದ್ರವ ತುಂಬುವುದು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು.

1953ರಲ್ಲಿ ಅಮೆರಿಕದ ಎಸ್. ರಾಡ್‌ಮನ್ ಇರ್ವಿನ್ ಈ ತೊಂದರೆಯನ್ನು ವಿವರಿಸಿದಾಗ ಅವರ ಗಮನವಿದ್ದದ್ದು ಕಣ್ಣಿನೊಳಗಿನ ವಿಟ್ರಿಯಸ್ ಲೋಳೆಯ ಮೇಲೆ. 1966ರಲ್ಲಿ ಡೊನಾಲ್ಡ್ ಗ್ಯಾಸ್ ಮತ್ತು ಎಡ್ವರ್ಡ್ ನಾರ್ಟನ್ ಫ್ಲೋರೆಸೀನ್ ಬಣ್ಣವನ್ನು ರಕ್ತಕ್ಕೆ ಸೇರಿಸಿ ಚಿತ್ರ ತೆಗೆದರು. ಮ್ಯಾಕ್ಯುಲಾದ ನಟ್ಟನಡುವಿನ ಬಿಂದುವಾದ ಫೋವಿಯಾದ ಸುತ್ತಲಿನ ಸೂಕ್ಷ್ಮ ರಕ್ತನಾಳಗಳಿಂದ ಬಣ್ಣ ಸೋರಿ, ಹೂವಿನ ದಳಗಳ ಆಕಾರದಲ್ಲಿ ನಿಂತಿತ್ತು. ಶಸ್ತ್ರಚಿಕಿತ್ಸೆಯಿಂದ ಬಿಡುಗಡೆಯಾಗುವ ಪ್ರೊಸ್ಟಾಗ್ಲಾಂಡಿನ್‌ನಂಥ ಉರಿಯೂತಕಾರಕಗಳು ಹಿಂದಕ್ಕೆ ಹರಡಿ, ರಕ್ತ ಮತ್ತು ಅಕ್ಷಿಪಟದ ನಡುವಿನ ತಡೆಯನ್ನು ಸಡಿಲಿಸುತ್ತವೆ ಎಂಬುದು ಇಂದು ಹೆಚ್ಚಾಗಿ ಒಪ್ಪಿತವಾದ ವಿವರಣೆ.

1991ರಲ್ಲಿ ಪರಿಚಯವಾದ, ಬೆಳಕಿನಿಂದ ಅಕ್ಷಿಪಟದ ಪದರಗಳ ಚಿತ್ರ ತೆಗೆಯುವ ಓಸಿಟಿ ತಂತ್ರ, ಅಕ್ಷಿಪಟದ ದಪ್ಪವನ್ನು ಮೈಕ್ರಾನ್‌ಗಳಲ್ಲಿ ಅಳೆಯುವ ದಾರಿ ತೆರೆಯಿತು. ನೋಟಕ್ಕೆ ಏನೂ ಆಗದವರಲ್ಲೂ ಮ್ಯಾಕ್ಯುಲಾ ತುಸು ದಪ್ಪವಾಗುತ್ತದೆ ಎಂಬುದು ಗೊತ್ತಾದದ್ದು ಹೀಗೆ. ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ದಟ್ಟವಾದ ಪೊರೆ ಓಸಿಟಿಯ ಬೆಳಕನ್ನು ತಡೆಯುತ್ತದೆ; ಸಂಕೇತ ದುರ್ಬಲವಾದರೆ ಯಂತ್ರ ಪದರಗಳ ಗಡಿಯನ್ನೇ ತಪ್ಪಾಗಿ ಗುರುತಿಸಬಹುದು. ಹಾಗಾಗಿ ಶಸ್ತ್ರಚಿಕಿತ್ಸೆಗೆ ಮುಂಚಿನ ಅಳತೆಯೊಂದನ್ನೇ ಆಧಾರವಾಗಿಟ್ಟುಕೊಂಡು ಲೆಕ್ಕಹಾಕಿದ ಹೆಚ್ಚಳದಲ್ಲಿ ಎಷ್ಟು ಪಾಲು ನಿಜವಾದ ಊತ, ಎಷ್ಟು ಪಾಲು ಪೊರೆ ಹೋಗಿ ಬೆಳಕಿನ ಹಾದಿ ತಿಳಿಯಾದದ್ದರ ಫಲ ಎಂದು ಬೇರ್ಪಡಿಸುವುದು ಕಷ್ಟ. ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲೇ ಇನ್ನೊಂದು ಅಳತೆ ತೆಗೆದಿಟ್ಟುಕೊಳ್ಳುವುದು ಹೆಚ್ಚು ನಂಬಲರ್ಹವೆಂದು ನನ್ನ ಅಭಿಪ್ರಾಯ.

ಯಾರಿಗೆ ಅಪಾಯ ಹೆಚ್ಚು? ಬ್ರಿಟನ್ನಿನಲ್ಲಿ 81,984 ಕಣ್ಣುಗಳ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಧುಮೇಹವಾಗಲಿ ಇತರ ತೊಡಕಾಗಲಿ ಇಲ್ಲದ ಕಣ್ಣುಗಳಲ್ಲಿ ಈ ಊತ ಶೇ. 1.17ರಷ್ಟಿತ್ತು, ಮಧುಮೇಹಿಗಳಲ್ಲಿ ಶೇ. 4.04. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟ ಇನ್ನೂ ಹಾಳಾಗದವರಲ್ಲೂ ಅಪಾಯ ಹೆಚ್ಚಿತ್ತು ಎಂಬುದು ನಮಗೆ ಮುಖ್ಯ, ಏಕೆಂದರೆ ನಮ್ಮಲ್ಲಿ ಪೊರೆಗೆ ಬರುವ ಹಿರಿಯರಲ್ಲಿ ಸಕ್ಕರೆ ಕಾಯಿಲೆಯವರು ಬಹಳ. ಯೂವಿಯೈಟಿಸ್ (ಕಣ್ಣಿನೊಳಗಿನ ಉರಿಯೂತ), ಅಕ್ಷಿಪಟದ ರಕ್ತನಾಳ ಕಟ್ಟಿಕೊಂಡ ಇತಿಹಾಸ, ಶಸ್ತ್ರಚಿಕಿತ್ಸೆಯ ವೇಳೆ ಮಸೂರದ ಹಿಂಚೀಲ ಹರಿದದ್ದು ಕೂಡ ಅಪಾಯವನ್ನು ಹೆಚ್ಚಿಸುತ್ತವೆ.

ಊತ ಸಾಮಾನ್ಯವಾಗಿ ಗರಿಷ್ಠಕ್ಕೇರುವುದು ನಾಲ್ಕರಿಂದ ಆರನೆಯ ವಾರದ ನಡುವೆ. ಪಟ್ಟಿ ಬಿಚ್ಚಿದ ದಿನ ಕಣ್ಣು ಚೆನ್ನಾಗಿದೆ ಎಂದು ಬರೆದ ಚೀಟಿ ಇದರ ಬಗ್ಗೆ ಏನನ್ನೂ ಹೇಳಲಾರದು. ಹಲವರಲ್ಲಿ ಇದು ತಾನಾಗಿ ಇಳಿಯುತ್ತದೆ. ಇಳಿಯದಿದ್ದಾಗ ಸ್ಟೀರಾಯ್ಡ್ ಮತ್ತು ಸ್ಟೀರಾಯ್ಡೇತರ ಉರಿಯೂತನಿವಾರಕ ಹನಿಗಳಿಂದ ಚಿಕಿತ್ಸೆ ಆರಂಭಿಸುತ್ತಾರೆ. ಶಿಬಿರಗಳಲ್ಲಿ ಪೊರೆ ತೆಗೆಸಿಕೊಂಡ ಮಧುಮೇಹಿಗಳನ್ನಾದರೂ ಐದನೆಯ ವಾರದ ಸುಮಾರಿಗೆ ಮತ್ತೆ ಕರೆಸಿ, ಕನ್ನಡಕದ ನಂಬರ್ ನೋಡುವಾಗಲೇ ಓಸಿಟಿಯನ್ನೂ ಮಾಡಿಸಬೇಕು.