ಹಳೆಯ ಫಾಂಟಿನಿಂದ ಪುಟವಿನ್ಯಾಸಕ್ಕೆ: ಕನ್ನಡ ಪಠ್ಯ ಶುದ್ಧೀಕರಣದ ಕ್ರಮ

ಪವರ್‌ಪಾಯಿಂಟಿನ ಪಠ್ಯವನ್ನು ವರ್ಡ್‌ಗೆ, ಅಲ್ಲಿಂದ ಇನ್‌ಡಿಸೈನ್‌ಗೆ ಸಾಗಿಸುವಾಗ ಅಲಂಕಾರವನ್ನೆಲ್ಲ ಕಳಚಿ ಬರಿಯ ಅಕ್ಷರಗಳನ್ನಷ್ಟೇ ಅಂಟಿಸಬೇಕೆಂಬುದು ಡಿಟಿಪಿ ವಲಯದಲ್ಲಿ ರೂಢಿಗೆ ಬಂದ ಪಾಠ. ಇಂಗ್ಲಿಷಿಗೆ ಅದು ಸರಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಾದ ಕನ್ನಡ ಕಡತಗಳಿಗೆ ಅದೇ ಪಾಠ ಮೂಲಕ್ಕೇ ಕುತ್ತು ತರುತ್ತದೆ ಎಂಬುದು ಈ ಲೇಖನದ ವಾದ.

ಕಾರಣ ಸಂಕೇತೀಕರಣದಲ್ಲಿದೆ. ಆಸ್ಕಿ ನುಡಿಯಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಕಡತದಲ್ಲಿ ದಾಖಲಾಗುವುದು ಏಳು ಸಂಕೇತಗಳು: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆಯಿರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನಿನ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಪುನಃ ಎ. ಇಲ್ಲಿ ಪಿ ಎಂಬುದು ‘ಕ’ದ ಒಡಲು, ಎ ಅದರ ತಲೆಕಟ್ಟು, ಎಸ್ ನಕಾರದ ಒತ್ತು. ಯೂನಿಕೋಡಿನಲ್ಲಿ ಐದೇ ಸಂಕೇತ: ಕ, ನ, ವಿರಾಮ, ನ, ಡ. ಹಳೆಯ ಕಡತದಲ್ಲಿ ಪಿ ಎಂದರೆ ಇಂಗ್ಲಿಷ್ ಅಕ್ಷರವೋ ಕನ್ನಡದ ಚೂರೋ ಎಂದು ಹೇಳಬಲ್ಲದ್ದು ಫಾಂಟಿನ ಹೆಸರೊಂದೇ. ‘ಪಠ್ಯ ಮಾತ್ರ’ ಎಂದು ಅಂಟಿಸಿದ ಕೂಡಲೇ ಆ ಹೆಸರು ಅಳಿಸಿಹೋಗುತ್ತದೆ. ಆಮೇಲೆ ಯೂನಿಕೋಡ್ ಪರಿವರ್ತಕಕ್ಕೆ ಕೊಟ್ಟರೆ ನಡುವೆ ಬಂದ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಆದ್ದರಿಂದ ಫಾಂಟು ಜೊತೆಗಿರುವಾಗಲೇ ಪರಿವರ್ತನೆ ಮುಗಿಯಬೇಕು. ಅಲಂಕಾರ ಕಳಚುವ ಕೆಲಸ ಅನಂತರದ್ದು. ಪರಿವರ್ತನೆಯಲ್ಲೂ ಎಚ್ಚರ ಬೇಕು: ‘ಧರ್ಮ’ದ ಅರ್ಕಾವತ್ತು ನುಡಿಯಲ್ಲಿ ಮಕಾರದ ಬಳಿಕ, ಯೂನಿಕೋಡಿನಲ್ಲಿ ಮಕಾರಕ್ಕೂ ಮೊದಲು ದಾಖಲಾಗುತ್ತದೆ.

ಯೂನಿಕೋಡಿಗೆ ಬಂದ ಮೇಲೆ ತೊಡಕು ಬೇರೆಯದು. ಪವರ್‌ಪಾಯಿಂಟಿನಲ್ಲಿ ಶಿಫ್ಟ್ ಒತ್ತಿ ಎಂಟರ್ ಹೊಡೆದಲ್ಲೆಲ್ಲ ಪ್ಯಾರಾ ಮುರಿಯದೆ ಸಾಲು ಮಾತ್ರ ಮುರಿದಿರುತ್ತದೆ. ಇವನ್ನೂ ಜೋಡಿ ಖಾಲಿ ಜಾಗಗಳನ್ನೂ ತೆಗೆಯಲೇಬೇಕು. ಆದರೆ ಕಣ್ಣಿಗೆ ಕಾಣದ ಎಲ್ಲ ಚಿಹ್ನೆಗಳೂ ಕಸವಲ್ಲ. ‘ರಾಜ್‌ಕುಮಾರ್’ ಪದದ ನಡುವಿನ ಜೀರೋ ವಿಡ್ತ್ ನಾನ್ ಜಾಯ್ನರನ್ನು ಅಳಿಸಿದರೆ ‘ರಾಜ್ಕುಮಾರ್’ ಉಳಿಯುತ್ತದೆ. ‘ರ‍್ಯಾಂಕ್’ ಪದದ ಜೀರೋ ವಿಡ್ತ್ ಜಾಯ್ನರ್ ಹೋದರೆ ‘ರ್ಯಾಂಕ್’ ಆಗಿ, ಮೊದಲ ರಕಾರ ಅರ್ಕಾವತ್ತಾಗಿ ಹಿಂದೆ ಸರಿಯುತ್ತದೆ. ಇವು ಅಲಂಕಾರವಲ್ಲ, ಕಾಗುಣಿತದ ಭಾಗ. ಅದೃಶ್ಯ ಚಿಹ್ನೆಗಳನ್ನು ಸಾರಾಸಗಟಾಗಿ ಗುಡಿಸುವ ಉಪಕರಣಗಳನ್ನು ಕನ್ನಡಕ್ಕೆ ಬಳಸಬಾರದು. ಅಲಂಕಾರ ಕಳಚಲು ಪಠ್ಯವನ್ನು ನೋಟ್‌ಪ್ಯಾಡ್ ಮೂಲಕ ಹಾಯಿಸುವವರು ಆನ್ಸಿ ಬಿಟ್ಟು ಯುಟಿಎಫ್-8ರಲ್ಲಿ ಉಳಿಸಬೇಕು. ಇಲ್ಲವಾದರೆ ಸಿಗುವುದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು.

ವರ್ಡ್ ಕನ್ನಡವನ್ನು ಸಂಕೀರ್ಣ ಲಿಪಿ ಎಂದು ಬಗೆದು ಅದಕ್ಕೆ ಬೇರೆಯೇ ಫಾಂಟು, ಅಳತೆಗಳನ್ನು ಇಟ್ಟುಕೊಳ್ಳುತ್ತದೆ. ಒಂದೇ ಸಾಲಿನಲ್ಲಿ ಇಂಗ್ಲಿಷ್ ಒಂದು ಗಾತ್ರ, ಕನ್ನಡ ಇನ್ನೊಂದು ಗಾತ್ರ ಆಗುವುದು ಇದರಿಂದಲೇ. ಶೈಲಿಯಲ್ಲಿ ಎರಡನ್ನೂ ನಿಗದಿಪಡಿಸಿದರೆ ಸಾಕು.

ಇನ್ನು ಪುಟವಿನ್ಯಾಸ. ಹಳೆಯ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7, 2001ರದು. ಅದಕ್ಕೆ ಯೂನಿಕೋಡ್ ತಿಳಿಯದು. ಅದಕ್ಕೆ ಅಂಟಿಕೊಂಡ ಮುದ್ರಣಾಲಯಗಳು ಆಸ್ಕಿಯನ್ನು ಬಿಡದಿರುವುದು ಸೋಮಾರಿತನದಿಂದಷ್ಟೇ ಅಲ್ಲ. ಇನ್‌ಡಿಸೈನ್ 2012ರ ಸಿಎಸ್6ರಿಂದ ಭಾರತೀಯ ಲಿಪಿಗಳನ್ನು ಬೆಂಬಲಿಸುತ್ತಿದೆಯಾದರೂ ವರ್ಲ್ಡ್ ರೆಡಿ ಕಂಪೋಸರ್ ಆಯ್ದುಕೊಳ್ಳದಿದ್ದರೆ ಒತ್ತಕ್ಷರಗಳು ಚದುರಿ ಬೀಳುತ್ತವೆ. ಅದನ್ನು ಕಂಡು ಕಡತವೇ ಕೆಟ್ಟಿದೆಯೆಂದು ಆಸ್ಕಿಗೆ ಮರಳುವವರು ಆ ಒಂದು ಆಯ್ಕೆಯನ್ನು ಮೊದಲು ನೋಡಲಿ. ಸಂಪಾದಕರು ಲೇಖಕರಿಂದ ಕಡತದೊಂದಿಗೆ ಪಿಡಿಎಫ್ ಪ್ರತಿಯನ್ನೂ ತರಿಸಿಕೊಂಡು, ಅರ್ಕಾವತ್ತು ಮತ್ತು ಅರ್ಧಾಕ್ಷರಗಳಿರುವ ಪದಗಳನ್ನು ಅದರೊಡನೆ ಹೋಲಿಸಿಯೇ ಕರಡು ಒಪ್ಪಬೇಕು.