ಹಿಡಕಲ್ ಪರಿಸರದ ಗಿಡಮರಗಳ ಹೆಸರುಗಳು: ಒಂದು ಐತಿಹಾಸಿಕ ವಿವೇಚನೆ

ನಾಡಿನ ಇತಿಹಾಸವನ್ನು ಅರಿಯಲು ಶಾಸನ, ನಾಣ್ಯ, ಕಡತ, ಕಾವ್ಯ ಮುಂತಾದ ಆಧಾರಗಳನ್ನು ನಾವು ಬಳಸುತ್ತ ಬಂದಿದ್ದೇವೆ. ಗಿಡಮರಗಳ ಹೆಸರುಗಳು ಈ ಸಾಲಿಗೆ ಸೇರತಕ್ಕವೆಂಬ ಭಾವನೆ ಮಾತ್ರ ಇನ್ನೂ ಬಲವಾಗಿ ಬೇರೂರಿಲ್ಲ. ಸಸ್ಯಗಳ ವಿಷಯ ಸಸ್ಯಶಾಸ್ತ್ರಜ್ಞರದು, ಶಬ್ದಗಳ ವಿಷಯ ಭಾಷಾಶಾಸ್ತ್ರಜ್ಞರದು ಎಂದು ಹಂಚಿಬಿಟ್ಟು, ಇತಿಹಾಸದ ವಿದ್ಯಾರ್ಥಿಯು ಇವೆರಡರ ನಡುವೆ ಬಿದ್ದುಹೋದುದನ್ನು ಗಮನಿಸದೆ ಸಾಗುತ್ತಾನೆ. ಆದರೆ ದಾನಶಾಸನಗಳ ಎಲ್ಲೆಯ ವರ್ಣನೆಯನ್ನು ಓದಿದವರಿಗೆ ಹುತ್ತ, ಹಳ್ಳ, ನಟ್ಟ ಕಲ್ಲುಗಳೊಡನೆ ಮರವೂ ಸಾಕ್ಷಿಯಾಗಿ ನಿಂತಿರುವುದು ಗೊತ್ತು. ಸಾಕ್ಷಿಯ ಹೆಸರನ್ನೇ ತಪ್ಪಾಗಿ ತಿಳಿದರೆ ಸಾಕ್ಷ್ಯಕ್ಕೆ ಏನು ಬೆಲೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಹಿಡಕಲ್ಲಿನ ಸುತ್ತಣ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಬಳಕೆಯಲ್ಲಿರುವ ಕೆಲವು ಹೆಸರುಗಳನ್ನು ಇಲ್ಲಿ ವಿವೇಚಿಸಲಾಗಿದೆ.

೧

ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿ, ಪೂರ್ವಾಭಿಮುಖವಾಗಿ ಹರಿದು, ಕೃಷ್ಣೆಯನ್ನು ಕೂಡುತ್ತದೆ. ಪಶ್ಚಿಮದ ಮಳೆಯ ಕಾಡಿನಿಂದ ಪೂರ್ವದ ಎರೆಯ ಬಯಲಿಗೆ ಇಳಿಯುವ ಈ ದಾರಿಯಲ್ಲಿ ಹಿಡಕಲ್ ನಡುಮಜಲಿನಂತಿದೆ. ಎಲೆ ಉದುರಿಸುವ ಕಾಡಿನ ಮತ್ತಿ, ಸಾಗವಾನಿಗಳೂ, ಒಣನೆಲದ ಜಾಲಿ, ಬಾರಿಗಳೂ ಇಲ್ಲಿ ಒಂದನ್ನೊಂದು ಸಂಧಿಸುತ್ತವೆ. ಹೆಸರುಗಳ ಸ್ಥಿತಿಯೂ ಹೀಗೆಯೇ. ಕನ್ನಡ, ಮರಾಠಿ, ಸಂಸ್ಕೃತ ಮೂರೂ ಇಲ್ಲಿನ ಮಾತಿನಲ್ಲಿ ಬೆರೆತಿವೆ.

ಮೊದಲು ಗಮನಿಸಬೇಕಾದ ಸಂಗತಿಯೊಂದಿದೆ. ಮೈಸೂರಿನ ಕಡೆ ‘ಮರ’ ಎನ್ನುವುದನ್ನು ಇಲ್ಲಿಯವರು ‘ಗಿಡ’ ಎನ್ನುತ್ತಾರೆ. ಬೇವಿನ ಗಿಡ, ಹುಣಸಿಯ ಗಿಡ ಎಂದರೆ ಎಳೆಯ ಸಸಿಯಲ್ಲ. ನೂರು ಜನರಿಗೆ ನೆರಳು ಕೊಡುವ ಹೆಮ್ಮರವೇ ಆಗಿರಬಹುದು. ಪೊದೆಗೆ ಇಲ್ಲಿ ‘ಕಂಟಿ’ ಎಂಬ ಬೇರೆ ಮಾತುಂಟು. ಜಾಲಿಕಂಟಿ, ಮುಳ್ಳಕಂಟಿ ಎಂಬ ಪ್ರಯೋಗಗಳು ನಿತ್ಯ ಕೇಳಿಬರುತ್ತವೆ. ಆದುದರಿಂದ ಈ ಭಾಗದ ಹೇಳಿಕೆಯನ್ನೋ ಕಾಗದಪತ್ರವನ್ನೋ ಓದುವವರು ‘ಗಿಡ’ ಎಂಬ ಶಬ್ದ ಕಂಡಲ್ಲೆಲ್ಲ ಸಣ್ಣ ಸಸ್ಯವೆಂದು ತಿಳಿದರೆ, ಇದ್ದ ಮರವನ್ನು ಇತಿಹಾಸದಿಂದ ಕಡಿದುಹಾಕಿದಂತಾಗುತ್ತದೆ.

೨

ಜನರು ಇಟ್ಟ ಹೆಸರಿಗೆ ಅರ್ಥವಿಲ್ಲ, ಲ್ಯಾಟಿನ್ ಹೆಸರಿಗೆ ಮಾತ್ರ ಶಾಸ್ತ್ರೀಯವಾದ ಅರ್ಥವಿದೆ ಎಂಬ ತಿಳಿವಳಿಕೆ ನಮ್ಮ ಕಾಲೇಜುಗಳಲ್ಲಿ ಸಾಮಾನ್ಯ. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಈ ತಿಳಿವಳಿಕೆ ನಿಲ್ಲುವುದಿಲ್ಲ.

ಬಿಳಿಜಾಲಿಯನ್ನು ನೋಡಿರಿ. ಶಾಸ್ತ್ರಜ್ಞರು ಇದನ್ನು ‘ಅಕೇಶಿಯ ಲ್ಯೂಕೋಫ್ಲಿಯ’ ಎಂದು ಕರೆದರು. ಎರಡನೆಯ ಪದಕ್ಕೆ ಗ್ರೀಕಿನಲ್ಲಿ ‘ಬಿಳಿಯ ತೊಗಟೆಯುಳ್ಳದ್ದು’ ಎಂದು ಅರ್ಥ. ಕರಿಜಾಲಿಯಿಂದ ಇದನ್ನು ಬೇರ್ಪಡಿಸಲು ಕುರಿಗಾಹಿಯ ಕಣ್ಣು ಯಾವ ಲಕ್ಷಣವನ್ನು ಹಿಡಿಯಿತೋ ಪಂಡಿತನ ಕಣ್ಣೂ ಅದನ್ನೇ ಹಿಡಿಯಿತು. ಹಾಲೆಯ ಗಿಡದಲ್ಲಿ ದೃಷ್ಟಿ ಬೇರೆಯಾಯಿತು. ಗೀರಿದರೆ ಹಾಲು ಒಸರುವುದರಿಂದ ಕನ್ನಡಿಗನು ಅದನ್ನು ಹಾಲೆ ಎಂದನು. ‘ರೈಟಿಯ ಟಿಂಕ್ಟೋರಿಯ’ ಎಂಬ ಹೆಸರಿನ ಮೊದಲ ಪದವು ಸ್ಕಾಟ್‌ಲೆಂಡಿನ ವೈದ್ಯ ವಿಲಿಯಂ ರೈಟನ ಸ್ಮರಣೆ. ಎರಡನೆಯದು ‘ಬಣ್ಣಕ್ಕೆ ಒದಗುವುದು’ ಎಂಬ ಸೂಚನೆ. ಅದರ ಎಲೆಯಿಂದ ನೀಲಿಬಣ್ಣ ತೆಗೆಯುತ್ತಿದ್ದುದೇ ಇದಕ್ಕೆ ಕಾರಣ. ಚೆನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಮರವೂ ಇದೇ.

ಹೊಳೆಮತ್ತಿಯ ಹೆಸರು ಅದು ಬೆಳೆಯುವ ನೆಲೆಯನ್ನೇ ತಿಳಿಸುತ್ತದೆ. ಇದು ಹೊಳೆಯ ದಂಡೆಯ ಮತ್ತಿ. ಇದರ ಶಾಸ್ತ್ರೀಯ ಹೆಸರು ‘ಟರ್ಮಿನೇಲಿಯ ಅರ್ಜುನ’. ಕುಲನಾಮವು ರೆಂಬೆಯ ತುದಿಯಲ್ಲಿ ಎಲೆಗಳು ಗುಂಪುಗೂಡುವುದನ್ನು ಸೂಚಿಸಿದರೆ, ಜಾತಿನಾಮವು ನೇರವಾಗಿ ಸಂಸ್ಕೃತದಿಂದ ಬಂದಿದೆ. ಮುತ್ತಲವು ‘ಬ್ಯೂಟಿಯ ಮಾನೊಸ್ಪರ್ಮ’. ಬ್ಯೂಟ್ ಪ್ರಾಂತದ ಶ್ರೀಮಂತನೊಬ್ಬನ ಹೆಸರು ಕುಲಕ್ಕೆ ಬಂದಿತು. ಕಾಯಿಗೆ ಒಂದೇ ಬೀಜವಿರುವುದರಿಂದ ಜಾತಿನಾಮ ಬಂದಿತು. ಈ ಸೀಮೆಯ ಜನ ಪತ್ರಾವಳಿ ಹಚ್ಚಿ ಊಟ ಮಾಡಿದ್ದು ಅದರ ಎಲೆಯ ಮೇಲೆ. ಹೆಸರಿನಲ್ಲಿ ಮಾತ್ರ ಬ್ರಿಟಿಷ್ ಪ್ರಭು ಕುಳಿತಿದ್ದಾನೆ.

ಶಾಸ್ತ್ರೀಯ ಹೆಸರು ತಪ್ಪು ಹೇಳುವುದೂ ಉಂಟು. ‘ಟ್ಯಾಮರಿಂಡಸ್ ಇಂಡಿಕ’ ಎಂದರೆ ಹುಣಸೆ. ಮೊದಲ ಪದ ‘ಹಿಂದುಸ್ಥಾನದ ಖರ್ಜೂರ’ ಎಂಬ ಅರಬ್ಬೀ ಮಾತಿನಿಂದ ಬಂದುದು. ಎರಡನೆಯದೂ ಭಾರತವನ್ನೇ ಸಾರುತ್ತದೆ. ಎರಡು ಸಲ ಭಾರತದ ಹೆಸರು ಹೊತ್ತ ಈ ಮರದ ಮೂಲಸ್ಥಾನ ಆಫ್ರಿಕ. ಅರಬ್ಬೀ ವರ್ತಕರು ಅದರ ಹಣ್ಣನ್ನು ಎಲ್ಲಿಂದ ಕೊಂಡರೆಂಬುದಕ್ಕೆ ಆ ಹೆಸರು ಸಾಕ್ಷಿಯೇ ಹೊರತು ಮರವು ಎಲ್ಲಿ ಹುಟ್ಟಿತೆಂಬುದಕ್ಕಲ್ಲ. ನಮ್ಮ ‘ಬಳ್ಳಾರಿ ಜಾಲಿ’ಯ ಕಥೆಯೂ ಇಂಥದೇ. ಅದು ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ತಂದ ಗಿಡ. ಜನರಿಗೆ ಪರಿಚಯವಾದ ದಿಕ್ಕು ಯಾವುದೋ ಅದೇ ಅದರ ಹೆಸರಾಯಿತು.

೩

ಈ ಎರಡು ಬಗೆಯ ಹೆಸರುಗಳು ಒಂದೇ ಪುಟದಲ್ಲಿ ಕೂಡಿದ್ದು ಹೇಗೆ? ಇದಕ್ಕೂ ಒಂದು ಚರಿತ್ರೆಯಿದೆ. ಕನ್ನಡದಲ್ಲಿ ಸಸ್ಯಜ್ಞಾನವನ್ನು ಬರೆದಿಡುವ ಪದ್ಧತಿ ಪ್ರಾಚೀನವಾದುದು. ಚಾವುಂಡರಾಯನ ‘ಲೋಕೋಪಕಾರ’ (ಸುಮಾರು ಕ್ರಿ.ಶ. ೧೦೨೫) ವೃಕ್ಷಾಯುರ್ವೇದವನ್ನೂ ಅಂತರ್ಜಲವನ್ನು ಗುರುತಿಸುವ ವಿದ್ಯೆಯನ್ನೂ ಒಳಗೊಂಡಿದೆ. ಇಂಥ ಮರದ ಬಳಿ ಇಂಥ ಹುತ್ತವಿದ್ದರೆ ನೀರು ಸಿಕ್ಕೀತೆಂದು ಹೇಳುವ ಶಾಸ್ತ್ರದಲ್ಲಿ ಮರವನ್ನು ತಪ್ಪಾಗಿ ಗುರುತಿಸಿದರೆ ತೋಡಿದ ಬಾವಿಯೇ ವ್ಯರ್ಥ. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯದ ಗ್ರಂಥ, ಅಲ್ಲಿ ಗಿಡದ ಹೆಸರಿನ ಮೇಲೆ ಪ್ರಾಣವೇ ನಿಂತಿತ್ತು.

ಯುರೋಪಿನವರು ಬಂದಮೇಲೆ ಈ ಜ್ಞಾನ ಬೇರೊಂದು ಭಾಷೆಗೆ ದಾಟಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ ೧೬೭೮ರಿಂದ ೧೬೯೩ರ ವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ವಾನ್ ರೀಡನ ‘ಹೊರ್ಟಸ್ ಮಲಬಾರಿಕಸ್’ ಗ್ರಂಥವು ಸ್ಥಳೀಯ ವೈದ್ಯರ ಸಹಾಯದಿಂದ ಸಿದ್ಧವಾಯಿತು. ಅದರ ಚಿತ್ರಗಳ ಮೇಲೆ ಗಿಡದ ಹೆಸರನ್ನು ನಮ್ಮ ದೇಶದ ಲಿಪಿಗಳಲ್ಲಿಯೂ ಕೆತ್ತಲಾಯಿತು. ಲಿನ್ನೇಯಸನು ೧೭೫೩ರಲ್ಲಿ ಎರಡು ಪದಗಳ ನಾಮಪದ್ಧತಿಯನ್ನು ಸಸ್ಯಗಳಿಗೆಲ್ಲ ಅನ್ವಯಿಸಿದಾಗ ಈ ಗ್ರಂಥದ ಆಧಾರವನ್ನು ಪಡೆದನು. ಸಾಗವಾನಿಯ ಹೆಸರಾದ ‘ಟೆಕ್ಟೋನ ಗ್ರ್ಯಾಂಡಿಸ್’ ಎಂಬುದರ ಮೊದಲ ಪದದಲ್ಲಿ ಇಂದಿಗೂ ನಾವು ಕೇಳುವುದು ಮಲಯಾಳದ ‘ತೇಕ್ಕು’, ಕನ್ನಡದ ‘ತೇಗ’ಗಳ ದನಿಯನ್ನೇ. ದ್ರಾವಿಡ ಶಬ್ದವು ಲ್ಯಾಟಿನ್ ವೇಷ ತೊಟ್ಟು ನಮ್ಮ ಪಠ್ಯಪುಸ್ತಕಗಳಿಗೆ ಮರಳಿ ಬಂದಿದೆ.

ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಅಧಿಪತ್ಯಕ್ಕೆ ಸೇರಿತ್ತು. ಡಾಲ್ಜೆಲ್ ಮತ್ತು ಗಿಬ್ಸನ್ ಇವರ ‘ಬಾಂಬೆ ಫ್ಲೋರ’ (೧೮೬೧), ಬೆಳಗಾವಿ ಜಿಲ್ಲೆಯ ಗ್ಯಾಝೆಟಿಯರ್ (೧೮೮೪), ಕುಕ್ ಅವರ ಸಸ್ಯಸಂಪುಟಗಳು (೧೯೦೧-೧೯೦೮), ಅರಣ್ಯಾಧಿಕಾರಿ ಟಾಲ್ಬಟ್ ಅವರ ಗ್ರಂಥ (೧೯೦೯-೧೯೧೧) ಇವು ಈ ಪ್ರದೇಶಕ್ಕೆ ಮುಖ್ಯ ಆಕರಗಳು. ಇವರ ಪರಿಶ್ರಮ ಅಪಾರವಾದುದು. ಆದರೆ ಅವರು ದೇಶೀಯ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆದುಕೊಂಡರು. ಲಕಾರ-ಳಕಾರಗಳ, ನಕಾರ-ಣಕಾರಗಳ, ಹ್ರಸ್ವ-ದೀರ್ಘಗಳ ಭೇದ ಆ ಬರಹದಲ್ಲಿ ಉಳಿಯುವುದು ಕಷ್ಟ. ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಸಸ್ಯನಾಮಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟು ಅವುಗಳ ಶಾಸ್ತ್ರೀಯ ಹೆಸರನ್ನೂ ಸೇರಿಸಿದ್ದರಿಂದ ಈ ಕೊರತೆ ಬಹುಮಟ್ಟಿಗೆ ನೀಗಿತು. ಮುಂಬಯಿ ಗ್ರಂಥಗಳನ್ನು ಓದುವಾಗ ಕಿಟ್ಟೆಲರನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಕ್ಷೇಮಕರ.

೪

ಒಂದು ಹೆಸರು ಹಲವು ಮರಗಳಿಗೆ ಸಲ್ಲುವುದೇ ಇತಿಹಾಸಕಾರನಿಗೆ ಎದುರಾಗುವ ದೊಡ್ಡ ತೊಡಕು. ‘ಬನ್ನಿ’ ಇದಕ್ಕೆ ಉತ್ತಮ ನಿದರ್ಶನ.

ವಿಜಯದಶಮಿಯಂದು ಈ ಭಾಗದ ಜನರು ಬನ್ನಿಯನ್ನು ಒಬ್ಬರಿಗೊಬ್ಬರು ಕೊಟ್ಟು, ಬಂಗಾರದಂತೆ ಬಾಳೋಣವೆಂದು ಹಾರೈಸುತ್ತಾರೆ. ಪಾಂಡವರು ಆಯುಧ ಬಚ್ಚಿಟ್ಟರೆಂದು ಹೇಳುವ ಶಮೀವೃಕ್ಷವೇ ಇದೆಂಬುದು ಸಾಮಾನ್ಯ ನಂಬಿಕೆ. ಶಮಿಯು ಮುಳ್ಳುಗಳುಳ್ಳ, ಅತಿ ಸಣ್ಣ ಎಲೆಗಳ ಮರ. ಶಾಸ್ತ್ರದಲ್ಲಿ ‘ಪ್ರೊಸೋಪಿಸ್ ಸಿನರೇರಿಯ’, ಅಂದರೆ ಬೂದಿಬಣ್ಣದ್ದು. ಆದರೆ ಹಬ್ಬದ ದಿನ ಕೈಯಿಂದ ಕೈಗೆ ಹೋಗುವ ಎಲೆಯು ಅನೇಕ ಕಡೆ ಎರಡು ಹೋಳಾಗಿ ಕಾಣುವ ಅಗಲವಾದ ಎಲೆ. ಮರಾಠಿಯಲ್ಲಿ ‘ಆಪಟಾ’ ಎನ್ನುವ ‘ಬಾಹೀನಿಯ ರಸಿಮೋಸ’ದ ಎಲೆ ಅದು. ಇನ್ನು ಕರ್ನಾಟಕದ ಕೆಲವೆಡೆ ‘ಬನ್ನಿ’ ಎಂಬ ಹೆಸರು ‘ಅಕೇಶಿಯ ಫೆರುಜೀನಿಯ’ಕ್ಕೂ ಸಲ್ಲುತ್ತದೆ, ಅದರ ಜಾತಿನಾಮದ ಅರ್ಥ ತುಕ್ಕಿನ ಬಣ್ಣದ್ದು ಎಂದು. ಹೀಗೆ ಬೂದಿಬಣ್ಣದ್ದೊಂದು, ತುಕ್ಕಿನ ಬಣ್ಣದ್ದೊಂದು, ಗೊಂಚಲು ಹೂವಿನದೊಂದು, ಮೂರು ಮರಗಳು ಒಂದೇ ಹೆಸರಿನ ಕೆಳಗೆ ನಿಂತಿವೆ. ಜನರು ತಪ್ಪಿದರೆನ್ನುವಂತಿಲ್ಲ. ಅವರ ದೃಷ್ಟಿಯಲ್ಲಿ ‘ಬನ್ನಿ’ ಎಂಬುದು ಜಾತಿಯ ಹೆಸರಲ್ಲ, ಮರವು ಹಬ್ಬದಲ್ಲಿ ಪಡೆದ ಸ್ಥಾನದ ಹೆಸರು. ಊರ ಹೊರಗಣ ಬನ್ನಿಕಟ್ಟೆಯ ಮೇಲೆ ಯಾವ ಮರ ಪೂಜೆಗೊಳ್ಳುವುದೋ ಅದೇ ಬನ್ನಿ.

ಬಾಹೀನಿಯದ ಎಲೆ ಮತ್ತೊಂದು ಪಾಠವನ್ನು ಕಲಿಸುತ್ತದೆ. ಜೋಡಿ ಹೋಳಿನ ಎಲೆಯನ್ನು ಕಂಡು ಪಾಶ್ಚಾತ್ಯರು ಸಸ್ಯಶಾಸ್ತ್ರಜ್ಞರಾದ ಬಾಹಿನ್ ಸಹೋದರರಿಬ್ಬರನ್ನು ನೆನೆದರು. ಸೀಳುಗೊರಸಿನ ಎತ್ತುಗಳೊಡನೆ ಬಾಳಿದ ಕನ್ನಡಿಗನು ಅದೇ ಕುಲದ ಗಿಡವನ್ನು ಕಂಡು ‘ಬಸವನಪಾದ’ ಎಂದನು. ಎಲೆ ಒಂದೇ; ಅದರಲ್ಲಿ ಒಬ್ಬರು ಗ್ರಂಥಕರ್ತರನ್ನು ಕಂಡರು, ಇನ್ನೊಬ್ಬರು ಹೊಲದ ಒಡನಾಡಿಯನ್ನು ಕಂಡರು.

‘ಹೊನ್ನೆ’ಯೂ ಇದೇ ವರ್ಗಕ್ಕೆ ಸೇರಿದುದು. ಘಟ್ಟದ ಮೇಲೆ ಹೊನ್ನೆಯೆಂದರೆ ನಾಟಾ ಕೊಡುವ ‘ಟೆರೊಕಾರ್ಪಸ್ ಮಾರ್ಸೂಪಿಯಂ’. ಕರಾವಳಿಯಲ್ಲಿ ದೀಪದ ಎಣ್ಣೆ ಕೊಡುವ ‘ಕ್ಯಾಲೊಫಿಲಂ ಇನೊಫಿಲಂ’. ‘ಧೂಪ’ವಂತೂ ಇನ್ನೂ ಜಟಿಲ. ಸಾಲುಧೂಪ, ರಾಳಧೂಪ, ಗುಗ್ಗುಳಧೂಪ ಇವು ಬೇರೆ ಬೇರೆ ಮೂರು ಕುಟುಂಬಗಳ ಮರಗಳು, ಮೂರೂ ಮಳೆಕಾಡಿನವು. ೧೮೯೭ರಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿ ಮುಗಿಸಿದ ಧೂಪದಾಳದ ಹೆಸರನ್ನು ಕಂಡು, ಅಲ್ಲಿ ಹಿಂದೆ ಧೂಪದ ಕಾಡಿತ್ತೆಂದು ಹೇಳಲು ಯಾರಿಗಾದರೂ ಮನಸ್ಸಾದೀತು. ಗೋಕಾಕಕ್ಕೆ ‘ಗೋಕಿ’ ಎಂಬ ಗಿಡಗಳಿಂದ ಹೆಸರು ಬಂತೆಂಬ ಪ್ರತೀತಿಯೂ ಇದೆ. ಇಂಥ ಸ್ಥಳನಾಮ ವ್ಯುತ್ಪತ್ತಿಗಳು ಆಕರ್ಷಕವಾಗಿವೆ. ಆದರೆ ಆ ಶಬ್ದ ಆ ನೆಲದಲ್ಲಿ ಯಾವ ಗಿಡಕ್ಕೆ ಸಲ್ಲುತ್ತಿತ್ತು, ಆ ಗಿಡ ಆ ಮಳೆಯಲ್ಲಿ ಬೆಳೆಯಬಲ್ಲುದೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಅವು ಪ್ರಮಾಣವಾಗುತ್ತವೆ. ಅಲ್ಲಿಯವರೆಗೆ ಅವು ಊಹೆಗಳು ಮಾತ್ರ.

ಹಾಗಾದರೆ ಜನಬಳಕೆಯ ಹೆಸರನ್ನು ಬಿಟ್ಟು ಶಾಸ್ತ್ರೀಯ ಹೆಸರನ್ನೇ ಹಿಡಿದರೆ ಸಾಕೇ? ಅದೂ ಸ್ಥಿರವಲ್ಲ. ಹಳೆಯ ಗ್ರಂಥಗಳಲ್ಲಿ ಶಮಿಗೆ ‘ಪ್ರೊಸೋಪಿಸ್ ಸ್ಪೈಸಿಜೆರ’ ಎಂದಿದೆ. ಈಗ ಅದೇ ‘ಸಿನರೇರಿಯ’. ೨೦೦೫ರ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದ ನಿರ್ಣಯದ ಫಲವಾಗಿ ‘ಅಕೇಶಿಯ’ ಎಂಬ ಕುಲನಾಮವು ಮುಖ್ಯವಾಗಿ ಆಸ್ಟ್ರೇಲಿಯದ ಮರಗಳ ಪಾಲಾಯಿತು. ನಮ್ಮ ಕರಿಜಾಲಿ, ಬಿಳಿಜಾಲಿಗಳು ‘ವ್ಯಾಚೆಲಿಯ’ ಎಂಬ ಕುಲಕ್ಕೂ, ಮೇಲೆ ಹೇಳಿದ ಫೆರುಜೀನಿಯವು ‘ಸೆನೆಗಾಲಿಯ’ಕ್ಕೂ ಸಂದವು. ಸಮ್ಮೇಳನದ ಸುದ್ದಿ ತಿಳಿಯದ ಊರಿನಲ್ಲಿ ಜಾಲಿ ಜಾಲಿಯಾಗಿಯೇ ಉಳಿದಿದೆ. ಆದುದರಿಂದ ಎರಡು ಹೆಸರುಗಳನ್ನೂ ಕೂಡಿಸಿ ಬರೆಯುವುದೇ ಯೋಗ್ಯವಾದ ಮಾರ್ಗ. ಒಂದು ಮರದ ಗುರುತನ್ನು ಕಾಯುತ್ತದೆ. ಇನ್ನೊಂದು ಮರದೊಡನೆ ಮನುಷ್ಯನಿಗಿದ್ದ ಸಂಬಂಧವನ್ನು ಕಾಯುತ್ತದೆ.

೫

ಈ ಕೆಲಸಕ್ಕೆ ಹಿಡಕಲ್ಲಿನಲ್ಲಿ ವಿಶೇಷವಾದ ತ್ವರೆಯಿದೆ. ಘಟಪ್ರಭೆಗೆ ಇಲ್ಲಿ ಕಟ್ಟಿದ ಅಣೆಕಟ್ಟು ೧೯೭೭ರಲ್ಲಿ ಪೂರ್ಣವಾಯಿತು. ರಾಜಾ ಲಖಮಗೌಡರ ಹೆಸರು ಹೊತ್ತ ಈ ಜಲಾಶಯದಿಂದ ಬಯಲುಸೀಮೆಗೆ ದೊರೆತ ಉಪಕಾರ ಎಲ್ಲರಿಗೂ ವಿದಿತವಾಗಿದೆ. ಅದರೊಡನೆ ಹೊಳೆದಂಡೆಯ ಭೂಮಿಯೂ ಊರುಗಳೂ ನೀರಿನಡಿಗೆ ಹೋದವು. ಹುನ್ನೂರಿನ ವಿಠ್ಠಲ ದೇವಾಲಯವು ನೀರು ಇಳಿದಾಗ ಮೇಲೆ ಕಾಣಿಸಿಕೊಳ್ಳುತ್ತದೆ. ಕಲ್ಲಿನ ಕಟ್ಟಡಕ್ಕೆ ಆ ಭಾಗ್ಯವುಂಟು. ದಂಡೆಯ ಮರಗಳಿಗೆ ಅದಿಲ್ಲ. ಯಾವ ಹೊಲದ ಬದುವಿನಲ್ಲಿ ಯಾವ ಗಿಡವಿತ್ತು, ಯಾವ ಹಳ್ಳವನ್ನು ಯಾವ ಗಿಡದ ಹೆಸರಿನಿಂದ ಕರೆಯುತ್ತಿದ್ದರು ಎಂಬುದು ಆ ಊರುಗಳಲ್ಲಿ ಬೆಳೆದು ಈಗ ವೃದ್ಧರಾಗಿರುವವರ ನೆನಪಿನಲ್ಲಿ ಮಾತ್ರ ಉಳಿದಿದೆ. ೧೯೫೬ರ ಏಕೀಕರಣದ ಅನಂತರ ಪಠ್ಯಗಳ ಭಾಷೆ ಒಂದಾಯಿತು, ಸಂತೋಷದ ವಿಷಯವೇ. ಆದರೆ ‘ಸಾಗವಾನಿ’, ‘ಮುತ್ತಲ’, ‘ಕಂಟಿ’ಗಳನ್ನು ಗ್ರಾಮ್ಯವೆಂದು ನಾಚಿ ಮರೆಯಬೇಕಾದ ಕಾರಣವೇನೂ ಇಲ್ಲ.

ಕಾಲೇಜುಗಳ ಇತಿಹಾಸ ಮತ್ತು ಸಸ್ಯಶಾಸ್ತ್ರ ವಿಭಾಗಗಳು ಜೊತೆಗೂಡಿದರೆ ಈ ಕಾರ್ಯ ಕಠಿನವಲ್ಲ. ಹೂವು ಕಾಯಿಗಳಿರುವ ಕಾಲದಲ್ಲಿ ಟೊಂಗೆಯನ್ನು ಸಂಗ್ರಹಿಸಿ ಒಣಗಿಸಬೇಕು. ಹೆಸರನ್ನು ಹೇಳಿದವರ ಉಚ್ಚಾರಣೆಯಂತೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬೇಕು. ಊರು, ಕಸುಬು, ದಿನಾಂಕಗಳನ್ನು ನಮೂದಿಸಬೇಕು. ಶಾಸ್ತ್ರೀಯ ಹೆಸರನ್ನು ಆಮೇಲೆ ನಿರ್ಧರಿಸಬೇಕು. ಒಂದು ಹೆಸರಿಗೆ ಎರಡು ಗಿಡಗಳು ದೊರೆತರೆ ಒಂದನ್ನು ತಪ್ಪೆಂದು ತೆಗೆದುಹಾಕದೆ ಎರಡನ್ನೂ ಉಳಿಸಿಕೊಳ್ಳಬೇಕು. ಇತಿಹಾಸವಿರುವುದು ಆ ಭೇದದಲ್ಲಿಯೇ. ಕಿಟ್ಟೆಲರು ಪರದೇಶದಿಂದ ಬಂದು ಈ ಶಬ್ದಗಳನ್ನು ಕೂಡಿಸಿದರು. ನಮ್ಮ ವಿದ್ಯಾರ್ಥಿಗಳಿಗೆ ಅವು ಮನೆಯ ಹಿರಿಯರ ಬಾಯಿಂದಲೇ ದೊರೆಯುತ್ತವೆ. ಕೇಳುವುದನ್ನು ಮುಂದೂಡದಿದ್ದರೆ ಸಾಕು.