ಟಿಕೆಟ್ ಕೊಡುವ ಮೊದಲು ಪ್ರಶ್ನೆ ಕೇಳೋರು ಯಾರು?

ವಿರೋಧ ಪಕ್ಷದವರ ಪ್ರಶ್ನೆಗೆ ಉತ್ತರ ಕೊಡೋದು ಸುಲಭ. ತಿರುಗಿಸಿ ಎರಡು ಬೈದರೆ ಚಪ್ಪಾಳೆ ಬೀಳುತ್ತೆ. ಕಷ್ಟ ಆಗೋದು ಸ್ವಂತ ಪಕ್ಷದ ಕಾರ್ಯಕರ್ತನೇ ಎದ್ದು ನಿಂತು ಕೇಳಿದಾಗ. ಅವನನ್ನು ಬೈಯುವ ಹಾಗಿಲ್ಲ, ಜಾರಿಕೊಳ್ಳುವ ಹಾಗೂ ಇಲ್ಲ.

ನಮ್ಮ ಬೆಂಗಳೂರು ದಕ್ಷಿಣದ ಇತಿಹಾಸವನ್ನೇ ನೋಡಿ. 1977ರಲ್ಲಿ ಜನತಾ ಪಕ್ಷದ ಕೆ.ಎಸ್. ಹೆಗ್ಡೆ, 1989ರಲ್ಲಿ ಕಾಂಗ್ರೆಸ್ಸಿನ ಗುಂಡೂರಾವ್ ಗೆದ್ದಿದ್ದ ಲೋಕಸಭಾ ಕ್ಷೇತ್ರ ಇದು. ಆದರೆ 1991ರಿಂದ 2024ರವರೆಗಿನ 9 ಚುನಾವಣೆಗಳಲ್ಲೂ ಬಿಜೆಪಿಯೇ ಗೆದ್ದಿದೆ. ಅನಂತಕುಮಾರ್ ಒಬ್ಬರೇ 6 ಸಲ ಗೆದ್ದರು. ಅಂದರೆ ಜಯನಗರದ ಮತದಾರ ಬಟನ್ ಒತ್ತುವ ಮೊದಲೇ ಅರ್ಧ ಚುನಾವಣೆ ಮುಗಿದಿರುತ್ತೆ. ಅದು ಮುಗಿಯೋದು ಟಿಕೆಟ್ ಘೋಷಣೆಯ ದಿನ!

ಆ ಟಿಕೆಟ್ ಹೇಗೆ ಬರುತ್ತೆ? 2018ರ ನವೆಂಬರ್ 12ರಂದು ಅನಂತಕುಮಾರ್ ತೀರಿಕೊಂಡರು. ರಾಜ್ಯ ಬಿಜೆಪಿ ಅವರ ಪತ್ನಿ ತೇಜಸ್ವಿನಿಯವರ ಹೆಸರು ಶಿಫಾರಸು ಮಾಡಿತ್ತು. ನಾಮಪತ್ರಕ್ಕೆ ಕೊನೆಯ ದಿನ ಮಾರ್ಚ್ 26. ಹಿಂದಿನ ರಾತ್ರಿ ದೆಹಲಿಯಿಂದ ಬಂದದ್ದು 28 ವರ್ಷದ ತೇಜಸ್ವಿ ಸೂರ್ಯ ಅವರ ಹೆಸರು. ಅವರು 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು, ಅದು ಬೇರೆ ಮಾತು. ನಾನು ಕೇಳ್ತಿರೋದು ಇಷ್ಟೇ: ಬನಶಂಕರಿಯ ಬೂತ್ ಕಾರ್ಯಕರ್ತನ ಎದುರು ಇಬ್ಬರನ್ನೂ ಕೂರಿಸಿ ಯಾರಾದರೂ ಒಂದು ಪ್ರಶ್ನೆ ಕೇಳಿದರಾ?

ಕಾಂಗ್ರೆಸ್ಸಿನವರು ನಗಬೇಕಾಗಿಲ್ಲ. 2014ರಲ್ಲಿ ರಾಹುಲ್ ಗಾಂಧಿ ಅಮೆರಿಕದ ಮಾದರಿಯ 'ಪ್ರೈಮರಿ' ತಂದರು. ಪಕ್ಷದೊಳಗೇ ಮತ ಹಾಕಿ ಅಭ್ಯರ್ಥಿಯನ್ನು ಆರಿಸುವ ಪದ್ಧತಿ. ಕರ್ನಾಟಕದಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಕ್ಷೇತ್ರಗಳಲ್ಲಿ ಅದು ನಡೀತು. ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ಮಂಗಳೂರಿನಲ್ಲಿ ಜನಾರ್ದನ ಪೂಜಾರಿ ಗೆದ್ದು ಟಿಕೆಟ್ ಪಡೆದರು. ಆದರೆ ನಂದನ್ ನಿಲೇಕಣಿ ನಿಂತ ಬೆಂಗಳೂರು ದಕ್ಷಿಣಕ್ಕೆ ಆ ಭಾಗ್ಯ ಇರಲಿಲ್ಲ. ಮೂರೂ ಕಡೆ ಕಾಂಗ್ರೆಸ್ ಸೋತಿತು. 2019ರ ಹೊತ್ತಿಗೆ ಪ್ರೈಮರಿಯೂ ಮಾಯ.

ಸೋತರೆ ಪದ್ಧತಿಯೇ ತಪ್ಪಾ? 1948ರ ಮೇ 17ರಂದು ಅಮೆರಿಕದ ಒರೆಗಾನ್ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದ ಇಬ್ಬರು ಆಕಾಂಕ್ಷಿಗಳು ರೇಡಿಯೋದಲ್ಲಿ ಮುಖಾಮುಖಿಯಾದರು. ವಿಷಯ, ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಬೇಕೇ? ಸ್ವಪಕ್ಷದ ಕೇಳುಗರಿಗೆ ಕಮ್ಯುನಿಸ್ಟರೆಂದರೆ ಆಗದು. ಸ್ಟಾಸನ್ 'ನಿಷೇಧಿಸಿ' ಅಂದರು. ಥಾಮಸ್ ಡ್ಯೂಯಿ 'ಬೇಡ' ಅಂದರು. ವಿಚಾರವನ್ನು ಕಾನೂನಿನಿಂದ ಕೊಲ್ಲಲಾಗದು ಅನ್ನೋದು ಅವರ ವಾದ. ಒರೆಗಾನ್ ಪ್ರೈಮರಿ ಗೆದ್ದದ್ದು ಡ್ಯೂಯಿಯೇ. ನವೆಂಬರ್‌ನಲ್ಲಿ ಅವರು ಟ್ರೂಮನ್ ಎದುರು ಸೋತರು ನಿಜ. ಆದರೆ ಅಮೆರಿಕ ಪ್ರೈಮರಿಯನ್ನು ಬಿಡಲಿಲ್ಲ.

ನಮ್ಮಲ್ಲೂ ಅಂಥ ಒಂದು ಸಂಜೆ ಬೇಕು. ಬಿಜೆಪಿ ಆಕಾಂಕ್ಷಿಗೆ ಅವರದೇ ಕಾರ್ಯಕರ್ತರು ಕೇಳಲಿ: 15ನೇ ಹಣಕಾಸು ಆಯೋಗದಲ್ಲಿ ಕರ್ನಾಟಕದ ತೆರಿಗೆ ಪಾಲು ಶೇ. 4.71ರಿಂದ 3.64ಕ್ಕೆ ಇಳೀತಲ್ಲ, ಸಂಸತ್ತಿನಲ್ಲಿ ಏನು ಮಾತಾಡ್ತೀರಿ? ಕಾಂಗ್ರೆಸ್ ಆಕಾಂಕ್ಷಿಗೆ ಅವರವರೇ ಕೇಳಲಿ: ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಅಂತೀರಲ್ಲ, ಬಸ್ಸಿಗೆ ಕಾಯೋನಿಗೆ ಅದರಿಂದೇನು?

ವಿರೋಧಿಗಳು ಕೇಳಿದರೆ ಇವೆರಡೂ ಬರೀ ಆರೋಪ. ಮನೆಯವರೇ ಕೇಳಿದರೆ ಉತ್ತರ ಕೊಡಲೇಬೇಕು. ಬಾವುಟ ಕಟ್ಟೋಕೆ, ಚೀಟಿ ಹಂಚೋಕೆ ಕಾರ್ಯಕರ್ತ ಬೇಕು ಅಂದಮೇಲೆ, ಪ್ರಶ್ನೆ ಕೇಳೋಕೆ ಅವನು ಯಾಕೆ ಬೇಡ ಸ್ವಾಮಿ?